ಗುಪ್ತಾಂಗದ ಹರ್ಪಿಸ್: ಕೇಳೋಕೆ ಸಂಕೋಚಪಟ್ಟು ಕೊನೆಗೂ ಕೇಳಿಬಿಟ್ಟ ಪ್ರಶ್ನೆಗಳು

ಈ ವಿಷಯದ ಪತ್ರಗಳು ಹೆಚ್ಚಾಗಿ "ನನ್ನ ಸ್ನೇಹಿತನೊಬ್ಬನಿಗೆ..." ಎಂದೇ ಶುರುವಾಗುತ್ತವೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಸ್ನೇಹಿತ ಮಾಯವಾಗಿ "ನನಗೆ" ಎಂದಾಗಿರುತ್ತದೆ. ಪರವಾಗಿಲ್ಲ. ಪದೇ ಪದೇ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ. ನಿಮ್ಮ ಪ್ರಶ್ನೆ ಯಾವುದೋ ಅಲ್ಲಿಗೇ ಹೋಗಿ. ಮಾತ್ರೆಗಳ ಪ್ರಮಾಣ ಬರೆದಿರುವುದು ಡಾಕ್ಟರ್ ಹೇಳಿದ್ದು ನಿಮಗೆ ಅರ್ಥವಾಗಲಿ ಎಂದು. ಅದನ್ನು ನೋಡಿ ನೀವೇ ನುಂಗಬೇಡಿ.

## ಮೊದಲಿಗೆ ತಿಳಿಯಬೇಕಾದ್ದು

ಹರ್ಪಿಸ್ ಅಂದ್ರೆ ನಿಜವಾಗಿ ಏನು?

ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್‌ನಿಂದ ಬರುವ ಸೋಂಕು. ಈ ವೈರಸ್ಸಿನಲ್ಲಿ ಎರಡು ಬಗೆ: ಎಚ್‌ಎಸ್‌ವಿ-1 ಮತ್ತು ಎಚ್‌ಎಸ್‌ವಿ-2. ಮೊದಲನೆಯದು ಬಾಯಿಯ ಸುತ್ತ ಜಾಸ್ತಿ, ಎರಡನೆಯದು ಸೊಂಟದಿಂದ ಕೆಳಗೆ ಜಾಸ್ತಿ. ಆದರೆ ಇದು ಗೆರೆ ಕೊರೆದ ಹಾಗಿಲ್ಲ. ಒಂದನೆಯ ಬಗೆ ಗುಪ್ತಾಂಗಕ್ಕೂ ಬರುತ್ತದೆ, ಈಗೀಗ ಸಾಕಷ್ಟು ಬರುತ್ತಿದೆ.

ಚರ್ಮದ ಕಣ್ಣಿಗೆ ಕಾಣದ ಸಣ್ಣ ಸೀಳುಗಳಿಂದಲೋ ಒಳಭಾಗದ ತೆಳು ಚರ್ಮದಿಂದಲೋ ಅದು ಒಳಗೆ ಹೋಗುತ್ತದೆ. ಅಲ್ಲಿಂದ ನರದ ಎಳೆ ಹಿಡಿದು ಮೇಲಕ್ಕೆ ಸಾಗಿ, ಬೆನ್ನುಹುರಿಯ ಬುಡದ ಪಕ್ಕದಲ್ಲಿರುವ ನರಗಂಟುಗಳಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಸುಮ್ನೆ ಮಲಗಿರುತ್ತದೆ. ಆಗಾಗ ಎದ್ದು ಬಂದ ದಾರಿಯಲ್ಲೇ ಚರ್ಮಕ್ಕೆ ಇಳಿಯುತ್ತದೆ. ಮುಂದೆ ಬರುವ ಉತ್ತರಗಳೆಲ್ಲ ಹೆಚ್ಚುಕಡಿಮೆ ಈ ಮಲಗುವುದು, ಏಳುವುದರ ಸುತ್ತಲೇ ಇವೆ. ಹರ್ಪಿಸ್ ಎಂಬ ಹೆಸರು ಬಂದಿರುವುದೂ ಗ್ರೀಕ್ ಭಾಷೆಯಲ್ಲಿ 'ತೆವಳು' ಎಂಬ ಅರ್ಥ ಕೊಡುವ ಪದದಿಂದ.

ಇದೂ ಸರ್ಪಸುತ್ತೂ ಒಂದೇನಾ?

ಅಲ್ಲ. ಸರ್ಪಸುತ್ತಿಗೆ ಡಾಕ್ಟರುಗಳು 'ಹರ್ಪಿಸ್ ಜೋಸ್ಟರ್' ಎನ್ನುತ್ತಾರೆ. ಹೆಸರಿನಲ್ಲಿ ಹರ್ಪಿಸ್ ಇರುವುದೇ ಗೊಂದಲಕ್ಕೆ ಕಾರಣ. ಅದು ಚಿಕನ್‌ಪಾಕ್ಸ್ ತರುವ ವೈರಸ್, ದೂರದ ನೆಂಟ ಅಷ್ಟೇ. ಸರ್ಪಸುತ್ತು ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಏಳುತ್ತದೆ, ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆ ಮಾತ್ರ. ಅದು ಲೈಂಗಿಕ ಸಂಪರ್ಕದಿಂದ ಬರುವುದಲ್ಲ. ಎರಡಕ್ಕೂ ಬರೆಯುವ ಮಾತ್ರೆಯ ಹೆಸರು ಒಂದೇ ಆಗಿರಬಹುದು, ಆದರೆ ಸರ್ಪಸುತ್ತಿಗೆ ಪ್ರಮಾಣ ಬಹಳ ಜಾಸ್ತಿ. ಹಾಗಾಗಿ ಮನೆಯಲ್ಲಿ ಯಾರಿಗೋ ಸರ್ಪಸುತ್ತಿಗೆ ಕೊಟ್ಟು ಉಳಿದ ಮಾತ್ರೆಯನ್ನು ನೀವು ತೆಗೆದುಕೊಳ್ಳಬೇಡಿ.

ಇದು ನನಗೊಬ್ಬನಿಗೇ ಬಂದಿರೋದಾ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 15ರಿಂದ 49 ವಯಸ್ಸಿನ ಸುಮಾರು 84.6 ಕೋಟಿ ಜನರಿಗೆ ಗುಪ್ತಾಂಗದ ಹರ್ಪಿಸ್ ಸೋಂಕಿತ್ತು. ಅಂದರೆ ಆ ವಯಸ್ಸಿನ ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಅದರಲ್ಲಿ ಎರಡನೆಯ ಬಗೆ ಇರುವವರೇ ಸುಮಾರು 52 ಕೋಟಿ. ಆದರೆ ಆ ವರ್ಷದಲ್ಲಿ ಒಮ್ಮೆಯಾದರೂ ಹುಣ್ಣಿನಿಂದ ನರಳಿದವರು 20 ಕೋಟಿ ಚಿಲ್ಲರೆ ಮಾತ್ರ. ಉಳಿದವರಿಗೆ ಏನೂ ಕಾಣಿಸಲಿಲ್ಲ. ನಿಮ್ಮ ಪರಿಚಯದವರಲ್ಲಿ ಇದು ಯಾರಿಗೂ ಇಲ್ಲ ಎಂದು ನಿಮಗೆ ಅನ್ನಿಸಿದರೆ, ಯಾರೂ ಹೇಳಿಲ್ಲ ಎಂದಷ್ಟೇ ಅರ್ಥ.

ಶುರುವಾಗುವಾಗ ಹೇಗಿರುತ್ತೆ? ಬೆವರುಗುಳ್ಳೆ ಅಂದ್ಕೊಂಡಿದ್ದೆ.

ಹಾಗೆ ಅಂದುಕೊಳ್ಳುವವರು ತುಂಬಾ ಜನ. ಅಂಟಿದ 2ರಿಂದ 12 ದಿನಗಳಲ್ಲಿ, ಸಾಮಾನ್ಯವಾಗಿ ನಾಲ್ಕನೇ ದಿನದ ಆಸುಪಾಸಿನಲ್ಲಿ, ಮೊದಲ ಸಲದ ಲಕ್ಷಣ ಶುರುವಾಗಬಹುದು. ಕೆಂಪು ಚರ್ಮದ ಮೇಲೆ ಒತ್ತೊತ್ತಾಗಿ ಸಣ್ಣ ನೀರುಗುಳ್ಳೆಗಳು. ಅವು ಒಡೆದು ಉರಿಯುವ ಹುಣ್ಣಾಗುತ್ತವೆ, ಆಮೇಲೆ ಹಕ್ಕಳೆ ಕಟ್ಟಿ ಒಣಗುತ್ತವೆ. ಒದ್ದೆಯಾಗಿರುವ ಒಳಭಾಗದಲ್ಲಿ ಹಕ್ಕಳೆ ಕಟ್ಟದೆಯೇ ಮಾಯುತ್ತವೆ. ಜೊತೆಗೆ ಜ್ವರ, ಮೈಕೈ ನೋವು, ತೊಡೆಸಂದಿನಲ್ಲಿ ಗಂಟು, ಮೂತ್ರ ಮಾಡುವಾಗ ಉರಿ. ಮೊದಲ ಸಲದ್ದು ಔಷಧವಿಲ್ಲದೆ ಪೂರ್ತಿ ಮಾಯಲು 2ರಿಂದ 4 ವಾರ ಹಿಡಿಯಬಹುದು.

ಎಲ್ಲರಿಗೂ ಪುಸ್ತಕದಲ್ಲಿರುವ ಹಾಗೆ ಬರುವುದಿಲ್ಲ. ಕೆಲವರಿಗೆ ಒಂದು ಸಣ್ಣ ಸೀಳು, ಕೂದಲ ಬುಡದಲ್ಲಿ ಕೆಂಪು ಬೊಕ್ಕೆ, ಪೃಷ್ಠದ ಮೇಲೆ ತುರಿಕೆ, ಅಷ್ಟೇ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದು ತಾನಾಗಿ ಹೋಗುವ ಏನೇ ಇದ್ದರೂ ಒಮ್ಮೆ ತೋರಿಸುವುದು ಒಳ್ಳೆಯದು.

ಮತ್ತೆ ಬರುತ್ತೆ ಅಂತಾರಲ್ಲ, ಎಷ್ಟು ಸಲ?

ಬಗೆಯ ಮೇಲೆ ನಿಂತಿದೆ. ಲಕ್ಷಣಗಳೊಂದಿಗೆ ಶುರುವಾದ ಎರಡನೆಯ ಬಗೆ ಮೊದಲ ವರ್ಷದಲ್ಲಿ ಸಾಮಾನ್ಯವಾಗಿ ನಾಲ್ಕು ಸಲ ಮರುಕಳಿಸುತ್ತದೆ. ಒಂದನೆಯ ಬಗೆ ಗುಪ್ತಾಂಗದಲ್ಲಿದ್ದರೆ ವರ್ಷಕ್ಕೆ ಒಂದು ಸಲ, ಆಮೇಲೆ ಬಾರದೆಯೂ ಇರಬಹುದು. ಮರುಕಳಿಸಿದ್ದು ಮೊದಲ ಸಲದಷ್ಟು ಕೆಟ್ಟದಾಗಿರುವುದಿಲ್ಲ. ಗುಳ್ಳೆ ಕಡಿಮೆ, ಜ್ವರ ಅಪರೂಪ, ವಾರದಿಂದ ಹತ್ತು ದಿನದೊಳಗೆ ಮಾಯುತ್ತದೆ. ವರ್ಷ ಕಳೆದ ಹಾಗೆ ಸಲಗಳೂ ಕಡಿಮೆಯಾಗುತ್ತವೆ. ಮೊದಲ ಆರು ತಿಂಗಳು ನೋಡಿ "ಇನ್ನು ನನ್ನ ಬಾಳೆಲ್ಲ ಹೀಗೇ" ಎಂದು ಲೆಕ್ಕ ಹಾಕಬೇಡಿ. ಆ ಲೆಕ್ಕ ತಪ್ಪುತ್ತದೆ.

ಹಲವರಿಗೆ ಗುಳ್ಳೆ ಏಳುವ ಮುಂಚೆಯೇ ಸುಳಿವು ಸಿಗುತ್ತದೆ. ಆ ಜಾಗ ಜುಮ್ಮೆನ್ನುತ್ತದೆ, ಚುರುಚುರು ಎನ್ನುತ್ತದೆ, ತೊಡೆ ಅಥವಾ ಪೃಷ್ಠದಲ್ಲಿ ಸೆಳೆತ ಬರುತ್ತದೆ. ಈ ಸುಳಿವನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಟಾಯ್ಲೆಟ್ ಸೀಟಿನಿಂದ ಬಂದಿರಬಹುದಾ? ಟವೆಲ್? ಈಜುಕೊಳ?

ಇಲ್ಲ. ಮೈಯಿಂದ ಹೊರಗೆ ಬಿದ್ದ ವೈರಸ್ ಬೇಗ ಸಾಯುತ್ತದೆ. ಇದು ಚರ್ಮಕ್ಕೆ ಚರ್ಮ ತಾಗಿ ಬರುವುದು.

ತುಟಿಯ ಮೇಲಿನ ಗುಳ್ಳೆ ಕೆಳಗೆ ಅಂಟುತ್ತಾ?

ಅಂಟುತ್ತದೆ. ಜ್ವರ ಬಿಟ್ಟ ಮೇಲೆ ತುಟಿಯಂಚಿನಲ್ಲಿ ಏಳುತ್ತದಲ್ಲ, ಆ ಗುಳ್ಳೆ ಹೆಚ್ಚಾಗಿ ಎಚ್‌ಎಸ್‌ವಿ-1. ಚಿಕ್ಕಂದಿನಲ್ಲಿ ಯಾರೋ ಮುದ್ದಿಸಿದಾಗ ಬಂದಿರುತ್ತದೆ. ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಈ ಬಗೆ ಇದೆ. ಅಂಥವರು ಬಾಯಿಯಿಂದ ಸಂಗಾತಿಯ ಗುಪ್ತಾಂಗ ಮುಟ್ಟಿದರೆ ಅದು ಅಲ್ಲಿಗೆ ದಾಟಬಹುದು. ತುಟಿಯಲ್ಲಿ ಗುಳ್ಳೆ ಇರುವಾಗಂತೂ ಬೇಡವೇ ಬೇಡ. ನನಗೆ ಯಾವಾಗಲೂ ಸೋಜಿಗ ಎನಿಸುವುದು ಇದು: ಅದೇ ವೈರಸ್ ತುಟಿಯ ಮೇಲಿದ್ದರೆ "ಓ, ಜ್ವರದ ಗುಳ್ಳೆ" ಎಂದು ಸುಮ್ಮನಾಗುತ್ತೇವೆ. ಎರಡಡಿ ಕೆಳಗೆ ಇಳಿದರೆ ಮಾನ ಹೋದಂತೆ ಕೂರುತ್ತೇವೆ.

## ಯಾರಿಂದ, ಯಾವಾಗ

ಮದುವೆಯಾಗಿ ಒಂಬತ್ತು ವರ್ಷ. ನನಗೆ ಈಗ ಬಂದಿದೆ. ಹಾಗಾದ್ರೆ ನನ್ನ ಗಂಡ ಮೋಸ ಮಾಡಿದಾರೆ ಅಂತಾನೇ ಅಲ್ವಾ?

ಗಂಡಸರೂ ಹೆಂಡತಿಯ ಬಗ್ಗೆ ಇದನ್ನೇ ಕೇಳುತ್ತಾರೆ. ಇದಕ್ಕೆ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಹುಣ್ಣು ಕೆಲವು ವಾರದಲ್ಲಿ ಮಾಯುತ್ತದೆ, ಆತುರದಲ್ಲಿ ಆಡಿದ ಮಾತು ಮಾಯುವುದಿಲ್ಲ.

ಈಗ ಮೊದಲ ಸಲ ಹುಣ್ಣು ಕಂಡಿತು ಎಂದ ಮಾತ್ರಕ್ಕೆ ಈಗಲೇ ಅಂಟಿತು ಎಂದಾಗುವುದಿಲ್ಲ. ವೈರಸ್ ಒಳಗೆ ಬಂದು, ಒಂದೂ ಗುಳ್ಳೆ ತೋರಿಸದೆ, ವರ್ಷಗಟ್ಟಲೆ ನರಗಂಟಿನಲ್ಲಿ ಇರಬಲ್ಲದು. ಆಮೇಲೆ ಒಂದು ಜ್ವರಕ್ಕೋ ಸುಸ್ತಿಗೋ ಮೊದಲ ಬಾರಿ ಮೇಲೆ ಬರುತ್ತದೆ. ಹಾಗಾಗಿ ಮೂರು ದಾರಿಗಳು ಸಾಧ್ಯ. ಮದುವೆಗೆ ಮುಂಚೆಯೇ ನಿಮಗಿದ್ದು ಈಗ ಎದ್ದಿರಬಹುದು. ಗಂಡನಿಗೆ ಮದುವೆಗೆ ಮುಂಚಿನಿಂದ ಇದ್ದು, ಅವರಿಗೇ ಗೊತ್ತಿಲ್ಲದೆ, ಇಷ್ಟು ವರ್ಷದಲ್ಲಿ ಯಾವತ್ತೋ ನಿಮಗೆ ದಾಟಿರಬಹುದು. ಅಥವಾ ಹೊಸದಾಗಿ ಹೊರಗಿನಿಂದ ಬಂದಿರಬಹುದು. ಮೂರರಲ್ಲಿ ಯಾವುದು ಎಂದು ಖಚಿತವಾಗಿ ಹೇಳುವ ಟೆಸ್ಟ್ ಇಲ್ಲ.

ನಾಲ್ಕನೆಯ ದಾರಿಯೂ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಸ್ವಾಬ್‌ನಲ್ಲಿ (ಹುಣ್ಣಿನಿಂದ ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿಯ ಪರೀಕ್ಷೆ) ಎಚ್‌ಎಸ್‌ವಿ-1 ಎಂದು ಬಂದರೆ, ಗಂಡನಿಗೆ ಚಿಕ್ಕಂದಿನಿಂದ ತುಟಿಯಲ್ಲಿ ಬರುತ್ತಿದ್ದ ಗುಳ್ಳೆಯೇ ಮೂಲ ಇರಬಹುದು. ಮೂರನೆಯವರು ಯಾರೂ ಬೇಕೇ ಇಲ್ಲ.

ಒಂದು ಮಾತ್ರ ಸ್ವಲ್ಪ ಸುಳಿವು ಕೊಡಬಲ್ಲದು. ಹುಣ್ಣು ಎದ್ದ ದಿನಗಳಲ್ಲೇ ಸ್ವಾಬ್ ಪಾಸಿಟಿವ್ ಇದ್ದು, ರಕ್ತದಲ್ಲಿ ಅದೇ ಬಗೆಯ ಪ್ರತಿಕಾಯ (ವೈರಸ್ ವಿರುದ್ಧ ಮೈ ತಯಾರಿಸುವ ಪ್ರೋಟೀನ್) ಇನ್ನೂ ಕಾಣದೆ, ಕೆಲವು ತಿಂಗಳ ನಂತರ ಕಂಡರೆ, ಸೋಂಕು ಇತ್ತೀಚಿನದು ಎನ್ನಬಹುದು. ಅದು ಸಹ ನಿಮ್ಮ ಮೈಗೆ ಯಾವಾಗ ಬಂತು ಎಂದು ಹೇಳುತ್ತದೆಯೇ ಹೊರತು, ನಿಮ್ಮ ಸಂಗಾತಿಗೆ ಯಾವಾಗ ಬಂದಿತ್ತು ಎಂದಲ್ಲ. ಮೋಸ ಆಗಿದೆಯೋ ಇಲ್ಲವೋ ಎಂಬುದನ್ನು ನೀವಿಬ್ಬರೂ ಕೂತು ಮಾತಾಡಿ ತಿಳಿಯಬೇಕು. ಲ್ಯಾಬ್ ರಿಪೋರ್ಟ್ ಅದಕ್ಕೆ ಸಾಕ್ಷಿ ಆಗಲಾರದು.

ಇಬ್ಬರಿಗೂ ಇದೆ. ಒಬ್ಬರಿಂದೊಬ್ಬರಿಗೆ ತಿರುಗಿ ತಿರುಗಿ ಅಂಟುತ್ತಾ?

ಇಬ್ಬರದ್ದೂ ಒಂದೇ ಬಗೆಯಾದರೆ ಆ ಚಿಂತೆ ಬೇಡ. ನಿಮಗೆ ಮರುಕಳಿಸುವುದು ನಿಮ್ಮೊಳಗಿನ ವೈರಸ್ಸೇ. ಬೇರೆ ಬೇರೆ ಬಗೆಯಾದರೆ ಇನ್ನೊಂದು ಅಂಟಬಹುದು. ಹುಣ್ಣಿರುವಾಗ ಸೇರುವುದು ನೋವಿನ ಕೆಲಸವೇ, ಹಾಗಾಗಿ ಹೇಗಿದ್ದರೂ ಕಾಯಿರಿ.

## ಪರೀಕ್ಷೆ

ಯಾವ ಟೆಸ್ಟ್ ಮಾಡಿಸಬೇಕು?

ಹುಣ್ಣು ಇರುವಾಗಲೇ ಅದರಿಂದ ಸ್ವಾಬ್ ತೆಗೆದು ಪಿಸಿಆರ್ (ವೈರಸ್ಸಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ವೈರಸ್ ಇದೆಯೋ, ಇದ್ದರೆ ಯಾವ ಬಗೆ ಎಂದು ಅದು ಹೇಳುತ್ತದೆ. ಗುಳ್ಳೆ ಎದ್ದ ಒಂದೆರಡು ದಿನದೊಳಗೆ ಹೋದಷ್ಟೂ ಒಳ್ಳೆಯದು. ಒಣಗಿ ಹಕ್ಕಳೆ ಕಟ್ಟಿದ ಮೇಲೆ ಸ್ವಾಬ್ ನೆಗೆಟಿವ್ ಬಂದರೆ ಅದನ್ನು ನೆಚ್ಚಿ ಕೂರುವಂತಿಲ್ಲ. "ನಾಳೆ ನೋಡೋಣ" ಎಂದು ವಾರ ತಳ್ಳಿ, ಎಲ್ಲ ಮಾಯ್ದ ಮೇಲೆ ಡಾಕ್ಟರ್ ಮುಂದೆ ಕೂತು "ಇಲ್ಲೇ ಇತ್ತು" ಎಂದು ಬೆರಳು ತೋರಿಸುವವರೇ ಜಾಸ್ತಿ. ಹೋಗಲು ಆಗದಿದ್ದರೆ ಕನಿಷ್ಠ ಒಂದು ಫೋಟೋ ತೆಗೆದಿಡಿ. ಟೆಸ್ಟ್‌ಗೆ ಅದು ಸಾಟಿಯಲ್ಲ, ಆದರೂ ಡಾಕ್ಟರಿಗೆ ಸಹಾಯವಾಗುತ್ತದೆ.

ಪ್ಯಾಕೇಜ್ ಟೆಸ್ಟ್‌ನಲ್ಲಿ ರಕ್ತ ಕೊಟ್ಟೆ. ಹರ್ಪಿಸ್ ಪಾಸಿಟಿವ್ ಅಂತ ಬಂತು. ನನಗೆ ಏನೂ ಆಗಿಲ್ಲವಲ್ಲ?

ಮೊದಲು ರಿಪೋರ್ಟ್‌ನಲ್ಲಿ ಎರಡು ವಿಷಯ ನೋಡಿ. ಐಜಿಎಮ್, ಐಜಿಜಿ ಎಂದರೆ ರಕ್ತದಲ್ಲಿ ಹುಡುಕುವ ಪ್ರತಿಕಾಯದ ಎರಡು ಬಗೆಗಳು. ಐಜಿಎಮ್ ಪಾಸಿಟಿವ್ ಎಂದಿದ್ದರೆ ಅದನ್ನು ಪಕ್ಕಕ್ಕಿಡಿ. ಹರ್ಪಿಸ್ ವಿಷಯದಲ್ಲಿ ಐಜಿಎಮ್ ನಂಬುವ ಟೆಸ್ಟ್ ಅಲ್ಲ, ಸೋಂಕು ಹೊಸದು ಎಂದೂ ಅದು ಹೇಳಲಾರದು. ಐಜಿಜಿ ಎಂದಿದ್ದರೆ, 1 ಮತ್ತು 2 ಎಂದು ಬೇರೆ ಬೇರೆ ತೋರಿಸಿದೆಯಾ ನೋಡಿ. ಎರಡನ್ನೂ ಸೇರಿಸಿ ಹೇಳಿದ್ದರೆ ಅದರಿಂದ ಪ್ರಯೋಜನ ಕಡಿಮೆ. ಒಂದನೆಯದು ಪಾಸಿಟಿವ್ ಎಂದರೆ ಅದು ಬಾಯಿಯದ್ದೋ ಕೆಳಗಿನದ್ದೋ ರಕ್ತಕ್ಕೆ ಗೊತ್ತಾಗುವುದಿಲ್ಲ.

ಎರಡನೆಯ ಬಗೆಯ ಐಜಿಜಿ ಪಾಸಿಟಿವ್ ಬಂದಿದ್ದರೆ ಸಂಖ್ಯೆ ನೋಡಿ. ಸಾಮಾನ್ಯವಾಗಿ ಬಳಸುವ ಟೆಸ್ಟ್‌ಗಳಲ್ಲಿ 1.1ರಿಂದ 3ರೊಳಗಿನ ಸೂಚ್ಯಂಕ ಬಂದರೆ ಅದು ಸುಳ್ಳು ಪಾಸಿಟಿವ್ ಆಗುವ ಸಾಧ್ಯತೆ ಸಾಕಷ್ಟಿದೆ. ಬೇರೆ ವಿಧಾನದಿಂದ ಖಚಿತ ಮಾಡಿಸದೆ ಅದನ್ನು ಒಪ್ಪಬೇಡಿ. ಲಕ್ಷಣವೇ ಇಲ್ಲದವರಿಗೆಲ್ಲ ಸುಮ್ನೆ ಈ ರಕ್ತಪರೀಕ್ಷೆ ಬೇಡ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿ ಹೇಳುವುದಕ್ಕೆ ಇದೂ ಒಂದು ಕಾರಣ. ಪ್ಯಾಕೇಜ್‌ನಲ್ಲಿ ಇದನ್ನು ತುರುಕುವವರ ಮೇಲೆ ನನಗೆ ಸಿಟ್ಟಿದೆ. ಒಂದು ಮಸುಕಾದ ಸಂಖ್ಯೆ ಎಷ್ಟು ಮನೆಯ ನೆಮ್ಮದಿ ಕೆಡಿಸಬಲ್ಲದು ಎಂದು ಅವರು ಯೋಚಿಸುವುದಿಲ್ಲ.

ಹೋದ ವಾರ ಸಂಪರ್ಕ ಆಯ್ತು. ಈಗಲೇ ರಕ್ತ ಕೊಡಲಾ?

ಈಗ ಕೊಟ್ಟರೆ ಸಿಗುವುದು ನಿಮ್ಮ ಹಳೆಯ ಕಥೆ. ಪ್ರತಿಕಾಯ ಕಾಣಿಸಲು ವಾರಗಳು ಬೇಕು, ಕೆಲವರಿಗೆ 12 ವಾರ ದಾಟುತ್ತದೆ. ಆ ನಡುವೆ ಗುಳ್ಳೆ ಎದ್ದರೆ ಕಾಯದೆ ಸ್ವಾಬ್‌ಗೆ ಹೋಗಿ. ಹೋದಾಗ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯೂ ಆಗಲಿ. ಗುಪ್ತಾಂಗದ ಹುಣ್ಣೆಲ್ಲ ಹರ್ಪಿಸ್ ಅಲ್ಲ. ಸಿಫಿಲಿಸ್‌ನ ಹುಣ್ಣು ಹೆಚ್ಚಾಗಿ ನೋಯುವುದೇ ಇಲ್ಲ, ಹಾಗಾಗಿ ಅಸಡ್ಡೆಯಾಗುತ್ತದೆ. ಅದು ಪೂರ್ತಿ ವಾಸಿಯಾಗುವ ಕಾಯಿಲೆ, ಬಿಟ್ಟರೆ ಮಾತ್ರ ಕೆಟ್ಟದು.

## ಔಷಧ ಮತ್ತು ಆರೈಕೆ

ಪೂರ್ತಿ ವಾಸಿ ಮಾಡ್ತೀವಿ, ಬೇರು ಸಮೇತ ತೆಗೀತೀವಿ ಅಂತ ಒಬ್ಬರು ಹೇಳಿದ್ರು. ನಿಜಾನಾ?

ನಿಜವಲ್ಲ. ನರಗಂಟಿನಲ್ಲಿ ಮಲಗಿದ ವೈರಸ್ಸನ್ನು ಹೊರಹಾಕುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. ಇಂಥವರ ವ್ಯಾಪಾರ ನಡೆಯುವುದು ಹೇಗೆಂದರೆ, ಹರ್ಪಿಸ್ ತಾನಾಗಿಯೇ ಮಾಯುತ್ತದೆ, ಕಾಲ ಕಳೆದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಆ ಹೊತ್ತಿಗೆ ನೀವು ಏನು ಕುಡಿಯುತ್ತಿದ್ದಿರೋ ಅದಕ್ಕೆ ಹೆಸರು ಹೋಗುತ್ತದೆ.

ಡಾಕ್ಟರ್ ಯಾವ ಮಾತ್ರೆ ಕೊಡ್ತಾರೆ, ಎಷ್ಟು ದಿನ?

ಮೂರು ಹೆಸರುಗಳು ನೆನಪಿರಲಿ: ಅಸೈಕ್ಲೋವಿರ್, ವಾಲಾಸೈಕ್ಲೋವಿರ್, ಫ್ಯಾಮ್‌ಸೈಕ್ಲೋವಿರ್. ಮೂರೂ ಕೆಲಸ ಮಾಡುತ್ತವೆ. ವ್ಯತ್ಯಾಸ ಇರುವುದು ದಿನಕ್ಕೆ ಎಷ್ಟು ಸಲ ನುಂಗಬೇಕು ಮತ್ತು ಬೆಲೆ ಎಷ್ಟು ಎನ್ನುವುದರಲ್ಲಿ.

ಮೊದಲ ಸಲಕ್ಕೆ ಸಾಮಾನ್ಯವಾಗಿ ಅಸೈಕ್ಲೋವಿರ್ 400 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಅಥವಾ ವಾಲಾಸೈಕ್ಲೋವಿರ್ 1 ಗ್ರಾಂ ದಿನಕ್ಕೆ ಎರಡು ಸಲ, 7ರಿಂದ 10 ದಿನ. ಮರುಕಳಿಸಿದಾಗ ಕೋರ್ಸ್ ಚಿಕ್ಕದು. ವಾಲಾಸೈಕ್ಲೋವಿರ್ 500 ಮಿಲಿಗ್ರಾಂ ದಿನಕ್ಕೆರಡು ಸಲ ಮೂರು ದಿನ, ಅಥವಾ ಅಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ ಮೂರು ಸಲ ಎರಡು ದಿನ ಸಾಕಾಗಬಹುದು. ಆದರೆ ಮರುಕಳಿಕೆಯಲ್ಲಿ ಸಮಯವೇ ಎಲ್ಲ. ಜುಮ್ಮೆನ್ನುವ ಸುಳಿವು ಸಿಕ್ಕ ಕೂಡಲೇ, ಅಥವಾ ಗುಳ್ಳೆ ಎದ್ದ ಮೊದಲ ದಿನದೊಳಗೆ ಶುರು ಮಾಡಬೇಕು. ಮೂರನೇ ದಿನ ಶುರು ಮಾಡಿ "ಮಾತ್ರೆ ಕೆಲಸ ಮಾಡಲಿಲ್ಲ" ಎಂದರೆ ತಪ್ಪು ಮಾತ್ರೆಯದ್ದಲ್ಲ. ಅದಕ್ಕೇ ಡಾಕ್ಟರನ್ನು ಕೇಳಿ ಒಂದು ಕೋರ್ಸ್ ಮೊದಲೇ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಕಿಡ್ನಿ ತೊಂದರೆ ಇದ್ದರೆ ಮುಂಚೆಯೇ ಹೇಳಿ, ಪ್ರಮಾಣ ಬದಲಾಗುತ್ತದೆ. ನೀರು ಚೆನ್ನಾಗಿ ಕುಡಿಯಿರಿ.

ಮುಲಾಮು ಹಚ್ಚಿದ್ರೆ ಸಾಕಲ್ವಾ?

ಸಾಲದು. ಅಸೈಕ್ಲೋವಿರ್ ಮುಲಾಮಿನಿಂದ ಗುಪ್ತಾಂಗದ ಹರ್ಪಿಸ್‌ಗೆ ಆಗುವ ಲಾಭ ತೀರಾ ಅಲ್ಪ. ಸ್ಟಿರಾಯ್ಡ್ ಬೆರೆಸಿದ ಮುಲಾಮನ್ನು ಅಂಗಡಿಯವರ ಮಾತು ಕೇಳಿ ಹಚ್ಚಿಕೊಳ್ಳಲೇಬೇಡಿ, ಅದು ಸೋಂಕು ಹರಡಲು ದಾರಿ ಮಾಡಿಕೊಡುತ್ತದೆ.

ದಿನಾ ಮಾತ್ರೆ ತಗೊಳ್ಳೋದು ಯಾರಿಗೆ? ವರ್ಷಗಟ್ಟಲೆ ತಿಂದ್ರೆ ಏನೂ ಆಗಲ್ವಾ?

ವರ್ಷಕ್ಕೆ ಆರು ಸಲ ಅಥವಾ ಜಾಸ್ತಿ ಬರುವವರಿಗೆ, ಬಂದಾಗಲೆಲ್ಲ ತುಂಬಾ ನರಳುವವರಿಗೆ, ಸಂಗಾತಿಗೆ ಅಂಟದಿರಲಿ ಎನ್ನುವವರಿಗೆ, ಯಾವಾಗ ಬರುತ್ತದೋ ಎಂಬ ಚಿಂತೆಯಲ್ಲೇ ದಿನ ಕಳೆಯುವವರಿಗೆ. ಕೊನೆಯದೂ ನ್ಯಾಯವಾದ ಕಾರಣವೇ. ಅಸೈಕ್ಲೋವಿರ್ 400 ಮಿಲಿಗ್ರಾಂ ದಿನಕ್ಕೆ ಎರಡು ಸಲ ಅಥವಾ ವಾಲಾಸೈಕ್ಲೋವಿರ್ 500 ಮಿಲಿಗ್ರಾಂ ದಿನಕ್ಕೆ ಒಂದು ಸಲ. ತುಂಬಾ ಸಲ ಬರುವವರಿಗೆ ವಾಲಾಸೈಕ್ಲೋವಿರ್ 1 ಗ್ರಾಂ ಕೊಡುವುದುಂಟು. ಇದರಿಂದ ಮರುಕಳಿಕೆ ನೂರಕ್ಕೆ 70ರಿಂದ 80ರಷ್ಟು ತಗ್ಗುತ್ತದೆ.

ಅಸೈಕ್ಲೋವಿರನ್ನು ಹಲವು ವರ್ಷ ಸತತವಾಗಿ ತೆಗೆದುಕೊಂಡವರ ಅನುಭವ ವೈದ್ಯಲೋಕಕ್ಕಿದೆ, ಸುರಕ್ಷಿತ ಎಂದೇ ಕಂಡಿದೆ. ಆದರೂ ವರ್ಷಕ್ಕೊಮ್ಮೆ ಡಾಕ್ಟರ್ ಜೊತೆ ಕೂತು "ಇನ್ನೂ ಬೇಕಾ?" ಎಂದು ನೋಡಿ. ನಿಲ್ಲಿಸಿದ ಕೂಡಲೇ ಒಮ್ಮೆ ಕೆರಳಬಹುದು, ಅದನ್ನು ನೋಡಿ ಹೆದರಬೇಡಿ.

ಮೂತ್ರ ಮಾಡೋಕೆ ಹೋದ್ರೆ ಪ್ರಾಣ ಹೋದ ಹಾಗಾಗುತ್ತೆ. ಏನು ಮಾಡಲಿ?

ಉಗುರುಬೆಚ್ಚನೆ ನೀರನ್ನು ಒಂದೇ ಸಮನೆ ಆ ಜಾಗದ ಮೇಲೆ ಸುರಿದುಕೊಳ್ಳುತ್ತಾ ಮೂತ್ರ ಮಾಡಿ, ಇಲ್ಲವೇ ಬೆಚ್ಚನೆ ನೀರಿನ ಟಬ್‌ನಲ್ಲಿ ಕೂತು ಅಲ್ಲೇ ಮಾಡಿಬಿಡಿ. ನಾಚಿಕೆ ಬೇಡ, ಇದು ಡಾಕ್ಟರುಗಳೇ ಹೇಳಿಕೊಡುವ ಉಪಾಯ. ಉರಿಗೆ ಹೆದರಿ ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರ ಗಟ್ಟಿಯಾಗಿ ಇನ್ನೂ ಉರಿಯುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಬೇಕಾದರೆ ಡಾಕ್ಟರ್ ಹೇಳಿದ ಮರಗಟ್ಟಿಸುವ ಜೆಲ್. ಸಡಿಲವಾದ ಹತ್ತಿ ಬಟ್ಟೆ. ಗುಳ್ಳೆ ಚಿವುಟಬೇಡಿ, ಅಪ್ಪಿತಪ್ಪಿ ಮುಟ್ಟಿದರೆ ಸೋಪಿನಿಂದ ಕೈ ತೊಳೆಯಿರಿ. ಆ ಕೈ ಕಣ್ಣಿಗೆ ಹೋಗಬಾರದು.

ಮೂತ್ರವೇ ಬರದೆ ಕಟ್ಟಿಕೊಂಡರೆ ಮನೆಯಲ್ಲಿ ಕೂರಬೇಡಿ. ತೀವ್ರ ತಲೆನೋವಿನ ಜೊತೆ ಕುತ್ತಿಗೆ ಬಿಗಿದು ಬೆಳಕು ನೋಡಲಾಗದಿದ್ದರೂ, ಕಣ್ಣು ಕೆಂಪಾಗಿ ನೋಯುತ್ತಿದ್ದರೂ ಅಷ್ಟೇ, ಅದೇ ದಿನ ಆಸ್ಪತ್ರೆಗೆ ಹೋಗಿ.

ಯಾಕೆ ಕೆರಳುತ್ತೆ? ಊಟದಲ್ಲಿ ಪಥ್ಯ ಇದೆಯಾ?

ಜ್ವರ, ಬೇರೆ ಕಾಯಿಲೆ, ನಿದ್ದೆಗೆಟ್ಟ ದಣಿವು, ಮುಟ್ಟಿನ ದಿನಗಳು, ಆ ಜಾಗದಲ್ಲಿ ಉಜ್ಜಾಟ, ಮನಸ್ಸಿನ ಒತ್ತಡ ಇವನ್ನು ಜನ ಹೇಳುತ್ತಾರೆ. ಒಬ್ಬರ ಕಾರಣ ಇನ್ನೊಬ್ಬರದ್ದಲ್ಲ. ಬಂದ ದಿನವನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ. ಏಳೆಂಟು ತಿಂಗಳಲ್ಲಿ ನಿಮ್ಮದೇ ಲಯ ಕಾಣಬಹುದು, ಕಾಣದೆಯೂ ಇರಬಹುದು. ಕಡಲೆಕಾಯಿ, ಚಾಕೊಲೇಟ್ ಬಿಡಿ, ಲೈಸಿನ್ ಮಾತ್ರೆ ತಿನ್ನಿ ಎಂಬ ಸಲಹೆಗಳಿಗೆ ಗಟ್ಟಿ ಆಧಾರವಿಲ್ಲ. ಊಟಕ್ಕೆ ಹೆದರಿ ಬದುಕಬೇಡಿ.

## ಸಂಗಾತಿ, ಬಸಿರು, ಮಗು

ಹುಣ್ಣು ಇಲ್ಲದಾಗ ಸೇರಿದ್ರೆ ಅಂಟಲ್ಲ ಅಲ್ವಾ?

ಅಂಟಬಹುದು. ಏನೂ ಕಾಣದ ದಿನಗಳಲ್ಲೂ ವೈರಸ್ ಆಗಾಗ ಚರ್ಮದ ಮೇಲೆ ಬರುತ್ತದೆ. ಎರಡನೆಯ ಬಗೆ ಇದ್ದೂ ಲಕ್ಷಣವೇ ಕಾಣದವರಲ್ಲಿ ಸುಮಾರು ನೂರಕ್ಕೆ ಹತ್ತು ದಿನ ವೈರಸ್ ಸಿಕ್ಕಿದೆ, ಲಕ್ಷಣ ಬರುವವರಲ್ಲಿ ಅದರ ಎರಡರಷ್ಟು. ಹೆಚ್ಚಿನವರಿಗೆ ಇದು ಅಂಟಿರುವುದೇ ಹೀಗೆ, ಕೊಟ್ಟವರಿಗೂ ಗೊತ್ತಿಲ್ಲದೆ.

ಹಾಗೆಂದು ಕೈಚೆಲ್ಲಬೇಕಿಲ್ಲ. ಸುಳಿವು ಸಿಕ್ಕ ಕ್ಷಣದಿಂದ ಚರ್ಮ ಪೂರ್ತಿ ಮಾಯುವವರೆಗೆ ಸೇರಬೇಡಿ. ಉಳಿದ ದಿನಗಳಲ್ಲಿ ಕಾಂಡೋಮ್ ಇರಲಿ. ಅದು ಮುಚ್ಚದ ಜಾಗದಿಂದ ಅಂಟಬಹುದಾದ್ದರಿಂದ ಪೂರ್ತಿ ಕಾಪಾಡುವುದಿಲ್ಲ, ಆದರೂ ಅಪಾಯ ತಗ್ಗಿಸುತ್ತದೆ, ಅದರಲ್ಲೂ ಗಂಡಿನಿಂದ ಹೆಣ್ಣಿಗೆ ದಾಟುವುದನ್ನು. ಮೂರನೆಯದು ದಿನದ ಮಾತ್ರೆ. ಒಬ್ಬರಿಗೆ ಮಾತ್ರ ಎಚ್‌ಎಸ್‌ವಿ-2 ಇದ್ದ 1,484 ಜೋಡಿಗಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಎಂಟು ತಿಂಗಳಲ್ಲಿ ಹುಸಿ ಮಾತ್ರೆ ಪಡೆದ ಗುಂಪಿನಲ್ಲಿ ನೂರಕ್ಕೆ 3.6 ಸಂಗಾತಿಗಳಿಗೆ ಸೋಂಕು ದಾಟಿತು, ದಿನಕ್ಕೊಂದು ವಾಲಾಸೈಕ್ಲೋವಿರ್ ತೆಗೆದುಕೊಂಡ ಗುಂಪಿನಲ್ಲಿ ನೂರಕ್ಕೆ 1.9. ಅರ್ಧಕ್ಕೆ ಇಳಿದದ್ದು ಸರಿ. ಆದರೆ ಮೊದಲ ಸಂಖ್ಯೆಯನ್ನೂ ಇನ್ನೊಮ್ಮೆ ನೋಡಿ. ಮಾತ್ರೆ ಇಲ್ಲದೆಯೂ ನೂರರಲ್ಲಿ 96 ಜನಕ್ಕೆ ಆ ಎಂಟು ತಿಂಗಳಲ್ಲಿ ದಾಟಲಿಲ್ಲ.

ಮದುವೆ ಮಾತುಕತೆ ನಡೀತಿದೆ. ಹೇಳಲೇಬೇಕಾ? ಹೇಗೆ ಹೇಳೋದು?

ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎದುರಿನವರ ಮೈಗೂ ಸಂಬಂಧಿಸಿದ ವಿಷಯ ಇದು, ತೀರ್ಮಾನ ಅವರದ್ದೂ ಆಗಬೇಕು. ಹೇಳುವುದು ಇಬ್ಬರೇ ಇರುವಾಗ, ದೈಹಿಕ ಸಂಬಂಧಕ್ಕೆ ಮುಂಚೆ, ಮೊದಲ ಭೇಟಿಯಲ್ಲಲ್ಲ. ಮನೆಯವರ ಮುಂದೆ ಹೇಳಬೇಕಿಲ್ಲ.

ಹೇಳುವ ಧಾಟಿಯೇ ಮುಖ್ಯ. ತಲೆ ತಗ್ಗಿಸಿ "ನನ್ನನ್ನು ಕ್ಷಮಿಸಿಬಿಡಿ" ಎಂದು ಶುರು ಮಾಡಿದರೆ ಕೇಳುವವರು ಏನೋ ಭಯಂಕರವಾದದ್ದಕ್ಕೆ ಸಿದ್ಧರಾಗುತ್ತಾರೆ. ಹೀಗೆ ಹೇಳಿ ನೋಡಿ: "ನಿಮ್ಮ ಹತ್ರ ಒಂದು ವಿಷಯ ಹೇಳಬೇಕು. ನನಗೆ ಹರ್ಪಿಸ್ ವೈರಸ್ ಇದೆ. ತುಟಿಯ ಮೇಲೆ ಜ್ವರದ ಗುಳ್ಳೆ ಬರುತ್ತಲ್ಲ, ಅದೇ ಜಾತಿಯದ್ದು, ನನಗೆ ಕೆಳಗೆ ಬರುತ್ತೆ. ವರ್ಷಕ್ಕೆ ಒಂದೆರಡು ಸಲ. ಮಾತ್ರೆ ಇದೆ, ನಿಮಗೆ ಬರದ ಹಾಗೆ ನೋಡ್ಕೊಳ್ಳೋ ದಾರಿನೂ ಇದೆ. ಈಗಲೇ ಏನೂ ಹೇಳಬೇಡಿ. ಓದಿ, ಬೇಕಿದ್ರೆ ಡಾಕ್ಟರನ್ನ ಕೇಳಿ, ಆಮೇಲೆ ಮಾತಾಡೋಣ." ಆಮೇಲೆ ನಿಜವಾಗಿಯೂ ಸಮಯ ಕೊಡಿ. ಕೆಲವರು ಬೇಡ ಎನ್ನುತ್ತಾರೆ, ನೋವಾಗುತ್ತದೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು "ನನಗೂ ತುಟಿಯಲ್ಲಿ ಬರುತ್ತೆ" ಎನ್ನುತ್ತಾರೆ.

ಮಕ್ಕಳಾಗುತ್ತಾ? ನಾರ್ಮಲ್ ಹೆರಿಗೆ ಆಗುತ್ತಾ?

ಆಗುತ್ತದೆ. ಹರ್ಪಿಸ್ ಬಸಿರು ನಿಲ್ಲುವುದಕ್ಕೆ ಅಡ್ಡಿಯಾಗುವುದಿಲ್ಲ. ಮುಂಚಿನಿಂದಲೇ ಹರ್ಪಿಸ್ ಇರುವ ತಾಯಿಯ ಮೈಯಲ್ಲಿ ಪ್ರತಿಕಾಯಗಳು ಇರುತ್ತವೆ, ಅವು ಮಗುವಿಗೂ ಹೋಗುತ್ತವೆ. ಹಾಗಾಗಿ ಹೆರಿಗೆಯಲ್ಲಿ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಡಾಕ್ಟರಿಗೆ ಮೊದಲೇ ತಿಳಿಸಿ. 36ನೇ ವಾರದಿಂದ ದಿನಾ ಅಸೈಕ್ಲೋವಿರ್ ಕೊಡುವುದುಂಟು. ನೋವು ಬಂದಾಗ ಹುಣ್ಣೋ ಸುಳಿವೋ ಇದ್ದರೆ ಸಿಸೇರಿಯನ್, ಇಲ್ಲದಿದ್ದರೆ ನಾರ್ಮಲ್.

ನಿಜವಾಗಿ ಹೆದರಬೇಕಾದ್ದು ಬಸಿರಿನ ಕೊನೆಯ ದಿನಗಳಲ್ಲಿ ಹೊಸದಾಗಿ ಅಂಟುವುದಕ್ಕೆ. ಆಗ ತಾಯಿಯ ಮೈ ಪ್ರತಿಕಾಯ ಮಾಡುವಷ್ಟರಲ್ಲಿ ಹೆರಿಗೆ ಬಂದಿರುತ್ತದೆ, ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 30ರಿಂದ 50. ನವಜಾತ ಶಿಶುವಿಗೆ ಹರ್ಪಿಸ್ ಬಂದರೆ ಜೀವಕ್ಕೇ ಅಪಾಯ. ಆದ್ದರಿಂದ ಗಂಡನಿಗೆ ಇದ್ದು ಬಸುರಿಗೆ ಇಲ್ಲದಿದ್ದರೆ, ಕೊನೆಯ ಮೂರು ತಿಂಗಳು ಸೇರದೆ ಇರುವುದೇ ಒಳ್ಳೆಯದು. ಗಂಡನ ತುಟಿಯ ಗುಳ್ಳೆಗೂ ಇದೇ ಮಾತು, ಬಾಯಿಯಿಂದಲೂ ಬೇಡ.

ಮಗುವನ್ನ ಎತ್ಕೋಬಹುದಾ? ಹಾಲು ಕುಡಿಸಬಹುದಾ?

ಧಾರಾಳವಾಗಿ. ಹಾಲಿನಿಂದ ಹರಡುವುದಿಲ್ಲ. ಮೊಲೆಯ ಮೇಲೆಯೇ ಹುಣ್ಣಿದ್ದರೆ ಮಾತ್ರ ಅದು ಮಾಯುವವರೆಗೆ ಆ ಮೊಲೆಯಿಂದ ಕುಡಿಸಬೇಡಿ. ಕೈ ತೊಳೆದು ಎತ್ತಿಕೊಳ್ಳಿ. ತುಟಿಯಲ್ಲಿ ಗುಳ್ಳೆ ಇರುವ ಯಾರೇ ಆಗಲಿ ಎಳೆಮಗುವಿಗೆ ಮುತ್ತಿಡಬಾರದು. ಅಜ್ಜಿಯಾದರೂ ಸರಿ, ಬೇಡ ಎನ್ನಿ.

## ಇನ್ನೂ ಆಳಕ್ಕೆ ಕೇಳುವವರಿಗೆ

ಮಾತ್ರೆ ವೈರಸ್ಸನ್ನ ಮಾತ್ರ ಹೇಗೆ ಹುಡುಕುತ್ತೆ?

ನನಗೆ ಇಷ್ಟವಾದ ಪ್ರಶ್ನೆ. ಅಸೈಕ್ಲೋವಿರ್ ನುಂಗಿದಾಗ ಅದು ನಿದ್ದೆಯಲ್ಲಿರುವ ಔಷಧ. ಅದನ್ನು ಎಬ್ಬಿಸಲು ವೈರಸ್ ತಾನೇ ತಯಾರಿಸುವ ಥೈಮಿಡಿನ್ ಕೈನೇಸ್ ಎಂಬ ಕಿಣ್ವ ಬೇಕು. ಸೋಂಕಿಲ್ಲದ ಜೀವಕೋಶದಲ್ಲಿ ಆ ಕಿಣ್ವವಿಲ್ಲ, ಔಷಧ ಸುಮ್ಮನಿರುತ್ತದೆ. ಸೋಂಕಿದ ಕೋಶದಲ್ಲಿ ಎದ್ದು, ಡಿಎನ್‌ಎಯ ಒಂದು ಕೊಂಡಿಯ ವೇಷದಲ್ಲಿ ವೈರಸ್ಸಿನ ಸರಪಳಿಗೆ ಸೇರಿಕೊಳ್ಳುತ್ತದೆ. ಅದರ ಮುಂದೆ ಇನ್ನೊಂದು ಕೊಂಡಿ ಕೂರುವುದಿಲ್ಲ, ಸರಪಳಿ ಅಲ್ಲಿಗೆ ನಿಲ್ಲುತ್ತದೆ. ವೈರಸ್ ತನ್ನ ಗುಂಡಿ ತಾನೇ ತೋಡಿಕೊಂಡಂತೆ. ಈ ಔಷಧದ ಹಿಂದಿದ್ದ ವಿಜ್ಞಾನಿಗಳಲ್ಲಿ ಗರ್ಟ್ರೂಡ್ ಎಲಿಯನ್ ಒಬ್ಬರು, 1988ರಲ್ಲಿ ನೊಬೆಲ್ ಹಂಚಿಕೊಂಡವರು. ಮಲಗಿದ ವೈರಸ್ ಡಿಎನ್‌ಎ ನಕಲು ಮಾಡುತ್ತಿರುವುದಿಲ್ಲ, ಹಾಗಾಗಿಯೇ ಈ ಮಾತ್ರೆ ಅದನ್ನು ಮುಟ್ಟಲಾಗುವುದಿಲ್ಲ.

ಮಾತ್ರೆಗೆ ವೈರಸ್ ಒಗ್ಗಿಹೋಗುತ್ತಾ?

ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲಿ ಇದು ನೂರಕ್ಕೆ ಒಂದಕ್ಕಿಂತ ಕಡಿಮೆ. ಎಚ್‌ಐವಿ ಇರುವವರಲ್ಲಿ, ಅಂಗಕಸಿ ಆದವರಲ್ಲಿ ಸ್ವಲ್ಪ ಜಾಸ್ತಿ. ಆಗ ಫೋಸ್ಕಾರ್ನೆಟ್ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ.

ಹರ್ಪಿಸ್ ಇದ್ರೆ ಎಚ್‌ಐವಿ ಬೇಗ ಬರುತ್ತಂತೆ. ಕ್ಯಾನ್ಸರ್ ಕೂಡ?

ಮೊದಲನೆಯದು ಹೌದು. ಎಚ್‌ಎಸ್‌ವಿ-2 ಇರುವವರಿಗೆ ಎಚ್‌ಐವಿ ಅಂಟುವ ಅಪಾಯ ಸುಮಾರು ಮೂರು ಪಟ್ಟು. ಹುಣ್ಣು ಬಾಗಿಲು ತೆರೆಯುತ್ತದೆ ಎಂಬುದು ಒಂದು ಕಾರಣ. ಎಚ್‌ಐವಿ ಹಿಡಿದುಕೊಳ್ಳುವ ರೋಗನಿರೋಧಕ ಕೋಶಗಳು ಹುಣ್ಣು ಮಾಯ್ದ ಮೇಲೂ ಅಲ್ಲೇ ಗುಂಪುಗೂಡಿರುತ್ತವೆ ಎಂಬುದು ಇನ್ನೊಂದು. ಬಹುಶಃ ಅದಕ್ಕೇ ದಿನವೂ ಅಸೈಕ್ಲೋವಿರ್ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ ಎಚ್‌ಐವಿ ಅಂಟುವುದು ಕಡಿಮೆಯಾಗಲಿಲ್ಲ. ಇಲ್ಲಿ ಕಾಂಡೋಮನ್ನೇ ನೆಚ್ಚಬೇಕು.

ಎರಡನೆಯದು ಹಳೆಯ ಅನುಮಾನ. ಗರ್ಭಕೊರಳಿನ ಕ್ಯಾನ್ಸರ್‌ಗೆ ಎಚ್‌ಎಸ್‌ವಿ-2 ಕಾರಣ ಎಂದು ಒಂದು ಕಾಲದಲ್ಲಿ ಬಲವಾಗಿ ನಂಬಿದ್ದರು. ಅದು ಎಚ್‌ಪಿವಿ ಎಂಬ ಬೇರೆಯೇ ವೈರಸ್ ಎಂದು ತೋರಿಸಿದ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಎಚ್‌ಪಿವಿಗೆ ಲಸಿಕೆಯೂ ಇದೆ.

ಹಾಗಾದ್ರೆ ಹರ್ಪಿಸ್‌ಗೆ ಲಸಿಕೆ ಯಾವಾಗ?

ಪ್ರಯತ್ನಗಳು ದಶಕಗಳಿಂದ ನಡೆದಿವೆ, ಸೋಲುಗಳೇ ಜಾಸ್ತಿ. 8,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಎಚ್‌ಎಸ್‌ವಿ-2 ತಡೆಯಲು ಮಾಡಿದ ಲಸಿಕೆ ಅದನ್ನು ತಡೆಯಲಿಲ್ಲ, ಎಚ್‌ಎಸ್‌ವಿ-1ರಿಂದ ಸ್ವಲ್ಪ ರಕ್ಷಣೆ ಕೊಟ್ಟಿತು! ಸೋಂಕಾದವರ ಮೈಯೇ ಈ ವೈರಸ್ಸನ್ನು ಪೂರ್ತಿ ಓಡಿಸಲಾರದು. ಹಾಗಿರುವಾಗ ಅದನ್ನು ಮೀರಿಸುವ ಪಾಠವನ್ನು ಲಸಿಕೆ ಕಲಿಸಬೇಕು, ಕಷ್ಟ ಇರುವುದು ಅಲ್ಲಿ.

ಔಷಧದ ಕಡೆಯಲ್ಲಿ, ವೈರಸ್ ತನ್ನ ಡಿಎನ್‌ಎ ಬಿಚ್ಚುವ ಹಂತದಲ್ಲೇ ತಡೆಯುವ ಪ್ರಿಟೆಲಿವಿರ್‌ನಂಥವು ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದಿವೆ. ಇನ್ನೊಂದು ದಾರಿ ನರಗಂಟಿನೊಳಗೇ ವೈರಸ್ಸಿನ ಡಿಎನ್‌ಎ ಕತ್ತರಿಸುವುದು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳ ನರಗಂಟಿನಲ್ಲಿ ಮಲಗಿದ್ದ ಎಚ್‌ಎಸ್‌ವಿ-1ರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಹೀಗೆ ಇಲ್ಲವಾಯಿತು. ಗಮನಿಸಿ, ಅದು ಒಂದನೆಯ ಬಗೆ, ಅದೂ ಇಲಿಗಳಲ್ಲಿ. ಈ ಹೆಸರಿನಲ್ಲಿ ಯಾರಾದರೂ ನಿಮಗೆ ಇಂದೇ ಚಿಕಿತ್ಸೆ ಮಾರಲು ಬಂದರೆ, ಬೇರು ಸಮೇತ ತೆಗೆಯುತ್ತೇವೆ ಎಂದವರ ಪಕ್ಕದಲ್ಲೇ ಅವರನ್ನೂ ಕೂರಿಸಿ.